ಉರಿಯುವ ಪುಡಿ ಗಟ್ಟಿ ಲೋಹವಾದ ಕಥೆ

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ತೋರಿಸುವ ಮೊದಲ ಪ್ರಯೋಗಗಳಲ್ಲಿ ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವುದೂ ಒಂದು. ಬಣ್ಣಗೆಟ್ಟ ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಒಡ್ಡುತ್ತಾರೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕಣ್ಣು ಕೋರೈಸುವ ಬಿಳಿ ಬೆಳಕು. ಬೆಳಕು ಆರಿದ ಮೇಲೆ ಉಳಿಯುವುದು ಚಿಟಿಕೆಯಷ್ಟು ಬಿಳಿ ಬೂದಿ. ಮೆಗ್ನೀಸಿಯಂ ಎಂದರೆ ಉರಿಯುವ ಲೋಹ ಎಂಬ ತಿಳಿವಳಿಕೆ ಅಂದೇ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಪಟ್ಟಿಯ ಪಾಡೇ ಹೀಗಾದರೆ ಪುಡಿಯ ಮಾತು ಕೇಳುವುದೇ ಬೇಡ. ಆದರೂ ಈ ಲೋಹವನ್ನು ಬೇಕೆಂದೇ ಪುಡಿ ಮಾಡಿ, ಆ ಪುಡಿಯನ್ನು ಮತ್ತೆ ಒತ್ತಿ ಗಟ್ಟಿ ಸರಳಾಗಿಸಿ, ಅದರಿಂದ ಯಂತ್ರದ ಭಾಗಗಳನ್ನು ಮಾಡುವ ಪ್ರಯತ್ನ ಏಳು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದಿದೆ. ಎರಕ ಹೊಯ್ದರೆ ಸಾಲದೆ? ಬೆಂಕಿಯ ಜೊತೆ ಇಂಥ ಸರಸ ಏಕೆ?

ಇದಕ್ಕೆ ಮೊದಲ ಉತ್ತರ ತೂಕದಲ್ಲಿದೆ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.9 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಅಲ್ಯುಮಿನಿಯಂ 2.7 ಗ್ರಾಂ, ಮೆಗ್ನೀಸಿಯಂ ಬರೀ 1.74 ಗ್ರಾಂ. ಯಂತ್ರ, ವಾಹನಗಳ ಒಡಲಿಗೆ ಬಳಸುವ ಲೋಹಗಳಲ್ಲಿ ಇದಕ್ಕಿಂತ ಹಗುರವಾದದ್ದು ಇಲ್ಲ. ಕೊರತೆಯ ಭಯವೂ ಇಲ್ಲ. ಸಮುದ್ರದ ಒಂದೊಂದು ಲೀಟರ್ ನೀರಿನಲ್ಲೂ ಸುಮಾರು 1.3 ಗ್ರಾಂ ಮೆಗ್ನೀಸಿಯಂ ಕರಗಿದೆ. ಹಗುರ, ಅಗ್ಗದ ಮೂಲ, ಎಲ್ಲ ಕಡೆ ಲಭ್ಯ. ಇಷ್ಟೆಲ್ಲ ಇದ್ದೂ ಮನೆಯ ಪಾತ್ರೆ, ಕಿಟಕಿ, ಬಸ್ಸಿನ ಮೈ ಎಲ್ಲಕ್ಕೂ ಅಲ್ಯುಮಿನಿಯಂ ಬಂತೇ ಹೊರತು ಮೆಗ್ನೀಸಿಯಂ ಬರಲಿಲ್ಲ. ಅದಕ್ಕೆ ಈ ಲೋಹದ ಹಳೆಯ ಚರಿತ್ರೆಯೇ ಕಾರಣ.

ಬೆಳಕಿನ ವ್ಯಾಪಾರ

1808ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಈ ಲೋಹವನ್ನು ಅದರ ಸಂಯುಕ್ತದಿಂದ ಬಿಡಿಸಿದ. ಸಿಕ್ಕಿದ್ದು ಪಾದರಸದೊಡನೆ ಬೆರೆತ ಅಲ್ಪ ಪ್ರಮಾಣ. ಫ್ರಾನ್ಸಿನ ಆಂಟನಿ ಬುಸ್ಸಿ ಇಪ್ಪತ್ತು ವರ್ಷಗಳ ನಂತರ ಸ್ವಲ್ಪ ಹೆಚ್ಚು ಲೋಹ ತೆಗೆದ. 1833ರಲ್ಲಿ ಮೈಕೆಲ್ ಫ್ಯಾರಡೆ ಕರಗಿಸಿದ ಮೆಗ್ನೀಸಿಯಂ ಕ್ಲೋರೈಡಿನೊಳಗೆ ವಿದ್ಯುತ್ ಹರಿಸಿ ಲೋಹವನ್ನು ಬೇರ್ಪಡಿಸಿದ. ಮುಂದೆ ಕಾರ್ಖಾನೆಗಳು ಹಿಡಿದದ್ದು ಈ ದಾರಿಯನ್ನೇ.

ಆದರೆ ಲೋಹ ಕೈಗೆ ಬಂದ ಮೇಲೆ ಅದನ್ನು ಏನು ಮಾಡಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಉರಿಸುವುದು ಒಂದೇ. 1860ರ ದಶಕದಲ್ಲಿ ಎಡ್ವರ್ಡ್ ಸಾನ್‌ಸ್ಟಾಟ್ ಎಂಬಾತನ ವಿಧಾನದಿಂದ ಮ್ಯಾಂಚೆಸ್ಟರಿನಲ್ಲಿ ಮೆಗ್ನೀಸಿಯಂ ತಂತಿ ತಯಾರಾಗತೊಡಗಿತು. ಕೊಂಡವರು ಛಾಯಾಗ್ರಾಹಕರು. ವಿದ್ಯುದ್ದೀಪ ಮನೆಗೆ ಬರುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದ ಆ ದಿನಗಳಲ್ಲಿ ಕತ್ತಲೆಯಲ್ಲಿ ಚಿತ್ರ ತೆಗೆಯುವುದು ಎಂದರೆ ಕನಸಿನ ಮಾತು. 1864ರಲ್ಲಿ ಆಲ್‌ಫ್ರೆಡ್ ಬ್ರದರ್ಸ್ ಇಂಗ್ಲೆಂಡಿನ ಡರ್ಬಿಷೈರಿನ ಗುಹೆಯೊಂದರ ಒಳಗೆ ಈ ತಂತಿ ಉರಿಸಿ ಚಿತ್ರ ತೆಗೆದ. ಮರುವರ್ಷ ಖಗೋಳ ವಿಜ್ಞಾನಿ ಪಿಯಾಝಿ ಸ್ಮಿತ್ ಅದನ್ನು ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಕ್ಕೆ ಒಯ್ದ. ಸಾವಿರಾರು ವರ್ಷ ಕತ್ತಲಲ್ಲಿದ್ದ ಕೋಣೆಗಳು ಮೆಗ್ನೀಸಿಯಂ ಬೆಳಕಿನಲ್ಲಿ ಗಾಜಿನ ಫಲಕದ ಮೇಲೆ ಮೂಡಿದವು.

ತಂತಿಯ ಬೆಳಕು ನಿಧಾನದ್ದು. ಕೂತವರು ಅಲುಗಾಡದೆ ಇರಬೇಕು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೊಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಮಿಂಚಿನ ಪುಡಿಯನ್ನು ಹೊರತಂದರು. ಈಗಿನ ಕ್ಯಾಮೆರಾ ಫ್ಲ್ಯಾಷಿನ ಮೂಲ ಪುರುಷ ಅದೇ. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಅದನ್ನು ಹಿಡಿದು ರಾತ್ರಿ ಹೊತ್ತು ಬಡವರ ಕೇರಿಗಳಿಗೆ ನುಗ್ಗಿದ. ಗಾಳಿ ಬೆಳಕಿಲ್ಲದ ಕೋಣೆಯೊಂದರಲ್ಲಿ ಒತ್ತೊತ್ತಾಗಿ ಮಲಗಿದ ಕೂಲಿಕಾರರ ಚಿತ್ರಗಳನ್ನು ಕಂಡು ಅಮೆರಿಕ ಬೆಚ್ಚಿತು. ಆ ಚಿತ್ರಗಳಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಪುಡಿಯ ಕಿಡಿಯಿಂದ ಎರಡು ಸಲ ಮನೆಗೆ ಬೆಂಕಿ ಬಿದ್ದುದನ್ನು, ಒಮ್ಮೆ ತನಗೇ ಬೆಂಕಿ ಹತ್ತಿಕೊಂಡುದನ್ನು ರೀಸ್ ಹೇಳಿಕೊಂಡಿದ್ದಾನೆ. ಅದರಲ್ಲಿ ಒಂದು ಸಲ ಕೋಣೆಯಲ್ಲಿ ಇದ್ದವರು ಕುರುಡ ಭಿಕ್ಷುಕರು.

ಪುಡಿ ಇಷ್ಟು ಸಿಟ್ಟಿನದಾಗಲು ಕಾರಣ ಸರಳ. ಒಲೆಗೆ ದಪ್ಪ ಕೊರಡು ಇಟ್ಟರೆ ಹೊತ್ತಿಕೊಳ್ಳಲು ಸತಾಯಿಸುತ್ತದೆ, ಅದನ್ನೇ ಸಿಬಿರು ಸಿಬಿರಾಗಿ ಸೀಳಿ ಇಟ್ಟರೆ ಒಡನೆ ಹತ್ತಿಕೊಳ್ಳುತ್ತದೆ. ಒಂದು ಸೆಂಟಿಮೀಟರ್ ಅಳತೆಯ ಘನಾಕಾರದ ತುಂಡಿಗೆ ಇರುವ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿದರೆ 10 ಲಕ್ಷ ತುಂಡುಗಳಾಗುತ್ತವೆ, ಒಟ್ಟು ಮೇಲ್ಮೈ 600 ಚದರ ಸೆಂಟಿಮೀಟರಿಗೆ ಏರುತ್ತದೆ. ಗಾಳಿಯ ಆಮ್ಲಜನಕಕ್ಕೆ ಅಷ್ಟೂ ಕಡೆ ಬಾಗಿಲು ತೆರೆದಂತೆ.

ಇದರ ಜೊತೆಗೆ ಇನ್ನೊಂದು ದೋಷವಿದೆ. ಅಲ್ಯುಮಿನಿಯಂ ಕೂಡ ಆಮ್ಲಜನಕದೊಡನೆ ಕೂಡುತ್ತದೆ, ಆದರೆ ಅದರ ಮೇಲೆ ಹುಟ್ಟುವ ಆಕ್ಸೈಡ್ ಪದರ ಲೋಹವನ್ನು ಬಿಗಿಯಾಗಿ ಮುಚ್ಚಿಬಿಡುತ್ತದೆ. ಮೆಗ್ನೀಸಿಯಮ್ಮಿನ ಆಕ್ಸೈಡಿಗೆ ಆ ಭಾಗ್ಯವಿಲ್ಲ. ಅದು ಹುಟ್ಟಲು ಖರ್ಚಾದ ಲೋಹದ ಗಾತ್ರ 100 ಎಂದುಕೊಂಡರೆ ಹುಟ್ಟಿದ ಆಕ್ಸೈಡಿನ ಗಾತ್ರ ಸುಮಾರು 81. ಎತ್ತರದ ಆಳಿಗೆ ಗಿಡ್ಡ ಕಂಬಳಿ ಕೊಟ್ಟಂತೆ: ತಲೆಗೆ ಎಳೆದರೆ ಕಾಲು ಬಯಲು. ಪದರ ಬಿರಿಯುತ್ತದೆ, ಕೆಳಗಿನ ಲೋಹ ಗಾಳಿಗೆ ಒಡ್ಡಿಕೊಳ್ಳುತ್ತದೆ. ಎನ್.ಬಿ. ಪಿಲ್ಲಿಂಗ್ ಮತ್ತು ಆರ್.ಇ. ಬೆಡ್‌ವರ್ತ್ ಈ ಲೆಕ್ಕವನ್ನು 1923ರಲ್ಲಿ ಪ್ರಕಟಿಸಿದರು. ಮೆಗ್ನೀಸಿಯಮ್ಮಿನ ಬೆಂಕಿಯ ಕಥೆ ಅರ್ಥವಾಗಲು ಇದೊಂದು ಲೆಕ್ಕ ನೆನಪಿದ್ದರೆ ಸಾಕು.

ಯುದ್ಧ ಕೊಟ್ಟ ಹೆಸರು

ಯಂತ್ರಲೋಹವಾಗಿ ಮೆಗ್ನೀಸಿಯಂ ಜನರ ಎದುರು ಬಂದದ್ದು 1909ರಲ್ಲಿ. ಫ್ರಾಂಕ್‌ಫರ್ಟಿನ ವೈಮಾನಿಕ ಪ್ರದರ್ಶನದಲ್ಲಿ ಗ್ರೀಸ್‌ಹೈಮ್ ಎಲೆಕ್ಟ್ರಾನ್ ಎಂಬ ರಾಸಾಯನಿಕ ಕಾರ್ಖಾನೆ ‘ಎಲೆಕ್ಟ್ರಾನ್’ ಹೆಸರಿನ ಮಿಶ್ರಲೋಹವನ್ನು ಇಟ್ಟಿತ್ತು. ವಿಮಾನದ ಯುಗ ಆರಂಭವಾಗಿತ್ತು. ಹಗುರ ಲೋಹಕ್ಕೆ ಕಾಲ ಕೂಡಿಬಂದಿತ್ತು. ದುರದೃಷ್ಟವೆಂದರೆ ಅದೇ ಎಲೆಕ್ಟ್ರಾನ್ ಲೋಕಪ್ರಸಿದ್ಧವಾದದ್ದು ಬಾಂಬಿನ ಮೂಲಕ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಸುರಿದ ಒಂದು ಕಿಲೋ ತೂಕದ ಬೆಂಕಿ ಬಾಂಬಿನ ಹೊರಮೈಯೇ ಈ ಮಿಶ್ರಲೋಹ. ಒಳಗಿನ ಥರ್ಮೈಟ್ ಹೊತ್ತಿಕೊಂಡರೆ ಕವಚವೇ ಸೌದೆಯಾಗುತ್ತಿತ್ತು. ಮಾಳಿಗೆಯ ಮೇಲೆ ಮರಳಿನ ಬಕೆಟ್ ಇಟ್ಟುಕೊಂಡು ರಾತ್ರಿಯಿಡೀ ಕಾವಲು ಕೂತ ಲಂಡನ್ನಿಗರಿಗೆ ಮೆಗ್ನೀಸಿಯಂ ಹಗುರ ಲೋಹ ಎಂದು ಹೇಳಿದ್ದರೆ ಅವರು ನಗುತ್ತಿರಲಿಲ್ಲ.

ಅಟ್ಲಾಂಟಿಕ್ ಆಚೆಗೆ ಡೌ ಕೆಮಿಕಲ್ ಕಂಪನಿ 1941ರ ಜನವರಿಯಲ್ಲಿ ಟೆಕ್ಸಾಸ್ ಕರಾವಳಿಯ ಫ್ರೀಪೋರ್ಟಿನಲ್ಲಿ ಸಮುದ್ರದ ನೀರಿನಿಂದ ಮೆಗ್ನೀಸಿಯಂ ತೆಗೆಯತೊಡಗಿತು. ಕಡಲ ಚಿಪ್ಪುಗಳನ್ನು ಸುಟ್ಟ ಸುಣ್ಣವನ್ನು ಕಡಲ ನೀರಿಗೇ ಬೆರೆಸಿ ಲೋಹವನ್ನು ಹಿಡಿಯುವ ಆ ಉಪಾಯ ಮೆಚ್ಚತಕ್ಕದ್ದು. ಯುದ್ಧ ಮುಗಿದಾಗ ಕಂಪನಿಯ ಬಳಿ ಲೋಹ ಬೇಕಾದಷ್ಟಿತ್ತು. ಕೊಳ್ಳುವವರನ್ನು ಹುಡುಕಬೇಕಿತ್ತು.

ಕೊಳ್ಳುವವರು ಎತ್ತುತ್ತಿದ್ದ ಆಕ್ಷೇಪಣೆ ಮೂರು. ಬೆಂಕಿ ಹತ್ತುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಕರಗುತ್ತದೆ. ಬಲ ಸಾಲದು.

ತುಕ್ಕಿನ ವಿಷಯವನ್ನು ಡೌ ಕಂಪನಿಯ ಜೆ.ಡಿ. ಹ್ಯಾನವಾಲ್ಟ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಬೇರೆ ಬೇರೆ ಪ್ರಮಾಣದಲ್ಲಿ ಕಲ್ಮಷವಿದ್ದ ತುಂಡುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ತೆಗೆದು ತೂಗಿದರು. 1942ರಲ್ಲಿ ಹೊರಬಂದ ಫಲಿತಾಂಶ ಎಲ್ಲರ ಊಹೆಯನ್ನೂ ತಲೆಕೆಳಗು ಮಾಡಿತು. ತಪ್ಪು ಮೆಗ್ನೀಸಿಯಮ್ಮಿನದಲ್ಲ, ಅದರೊಳಗೆ ಸೇರಿಕೊಂಡ ಕಬ್ಬಿಣ, ನಿಕ್ಕಲ್, ತಾಮ್ರಗಳದು. ಕಬ್ಬಿಣ 10 ಲಕ್ಷಕ್ಕೆ ಸುಮಾರು 170 ಭಾಗ ದಾಟುವವರೆಗೆ ಲೋಹ ತಕ್ಕಮಟ್ಟಿಗೆ ಸುಮ್ಮನಿರುತ್ತದೆ. ದಾಟಿತೋ, ತುಕ್ಕಿನ ವೇಗ ಒಮ್ಮೆಲೇ ಜಿಗಿಯುತ್ತದೆ. ನಿಕ್ಕಲ್ಲಿಗೆ ಅಷ್ಟೂ ಅವಕಾಶವಿಲ್ಲ, 5 ಭಾಗವೇ ಹೆಚ್ಚು. ಕರಗಿದ ಲೋಹವನ್ನು ಕಬ್ಬಿಣದ ಪಾತ್ರೆಯಲ್ಲೇ ಇಡುವ ಕಾರ್ಖಾನೆಗಳಿಗೆ ಇದು ದೊಡ್ಡ ಪಾಠ. (ಹರಳುಗಳನ್ನು ಎಕ್ಸ್-ರೇಯಿಂದ ಗುರುತು ಹಿಡಿಯುವ ಸೂಚಿಯನ್ನು ಸಿದ್ಧಪಡಿಸಿದವರಲ್ಲಿ ಇದೇ ಹ್ಯಾನವಾಲ್ಟ್ ಮೊದಲಿಗರು. ಲೋಹ ಪರೀಕ್ಷಿಸುವವರು ಈಗಲೂ ಅವರ ಹೆಸರನ್ನು ಬಲ್ಲರು.)

ಬಲದ ಪ್ರಶ್ನೆ ಇಷ್ಟು ಸುಲಭವಾಗಿರಲಿಲ್ಲ. ಅದನ್ನು ತಿಳಿಯಲು ಲೋಹದ ಒಳಕ್ಕೆ ಇಣುಕಬೇಕು.

ಕಲ್ಲುಸಕ್ಕರೆ ಮತ್ತು ಚಕ್ಕುಲಿ ಒರಳು

ಹೊರಗೆ ನುಣುಪಾಗಿ ಕಾಣುವ ಲೋಹದ ಒಳಗೆಲ್ಲ ಸಣ್ಣ ಸಣ್ಣ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಸಕ್ಕರೆ ಪಾಕ ನಿಧಾನವಾಗಿ ತಣಿದರೆ ಕಲ್ಲುಸಕ್ಕರೆಯ ದಪ್ಪ ಹರಳು ಕಟ್ಟುತ್ತದೆ, ಬೇಗ ತಣಿದರೆ ಸಣ್ಣ ಹರಳು. ಕರಗಿದ ಲೋಹದ ನಡತೆಯೂ ಹಾಗೆಯೇ. ಹರಳು ಚಿಕ್ಕದಾದಷ್ಟೂ ಲೋಹದ ಬಲ ಹೆಚ್ಚು ಎಂಬ ಸಂಬಂಧವನ್ನು ಬ್ರಿಟನ್ನಿನ ಇ.ಒ. ಹಾಲ್ 1951ರಲ್ಲೂ ಎನ್.ಜೆ. ಪೆಚ್ 1953ರಲ್ಲೂ ಉಕ್ಕಿನ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಮೆಗ್ನೀಸಿಯಮ್ಮಿನಲ್ಲಿ ಈ ನಿಯಮದ ಲಾಭ ಅಲ್ಯುಮಿನಿಯಮ್ಮಿಗಿಂತ ಬಹಳ ಜಾಸ್ತಿ.

ಅದಕ್ಕೂ ಕಾರಣವುಂಟು. ಮೆಗ್ನೀಸಿಯಮ್ಮಿನ ಹರಳಿನಲ್ಲಿ ಅಣುಗಳು ಆರು ಮೂಲೆಯ ಪದರಗಳಾಗಿ ಇಸ್ಪೀಟ್ ಕಟ್ಟಿನಂತೆ ಒಂದರ ಮೇಲೊಂದು ಕೂತಿವೆ. ಕಟ್ಟನ್ನು ಅಡ್ಡಕ್ಕೆ ತಳ್ಳಿದರೆ ಎಲೆಗಳು ಜಾರುತ್ತವೆ, ಬೇರೆ ದಿಕ್ಕಿನಲ್ಲಿ ಜಗ್ಗುವುದಿಲ್ಲ. ಹೀಗಾಗಿ ಸಾಧಾರಣ ಉಷ್ಣತೆಯಲ್ಲಿ ಲೋಹ ಬಾಗುವ ಬದಲು ಬಿರಿಯುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಬಿಸಿಯಲ್ಲಿ ಒತ್ತಿ ತೆಗೆದ ಮೆಗ್ನೀಸಿಯಂ ಸರಳನ್ನು ಪರೀಕ್ಷಾ ಯಂತ್ರಕ್ಕೆ ಸಿಕ್ಕಿಸಿ ಎಳೆದರೆ ಒಳ್ಳೆಯ ಬಲ ತೋರಿಸುತ್ತದೆ. ಅದೇ ಸರಳನ್ನು ಉದ್ದಕ್ಕೆ ಅದುಮಿದರೆ ಅದಕ್ಕಿಂತ ಎಷ್ಟೋ ಕಡಿಮೆ ಭಾರಕ್ಕೆ ಸೋಲುತ್ತದೆ. ಅದುಮಿದಾಗ ಹರಳಿನ ಒಂದು ಭಾಗ ಮಗ್ಗುಲು ಬದಲಿಸಿದಂತೆ ಹೊರಳಿಕೊಳ್ಳುವುದೇ ಕಾರಣ. ವಿಮಾನದ ರೆಕ್ಕೆಯೊಳಗಿನ ಪಟ್ಟಿ ಒಮ್ಮೆ ಎಳೆತಕ್ಕೂ ಮತ್ತೊಮ್ಮೆ ಒತ್ತಡಕ್ಕೂ ಸಿಕ್ಕುವುದರಿಂದ ವಿನ್ಯಾಸಗಾರರು ದುರ್ಬಲ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆಗ ಹಗುರತನದ ಲಾಭವೆಲ್ಲ ಸೋರಿಹೋಗುತ್ತದೆ.

ಹರಳು ಸಣ್ಣದು ಮಾಡುವ ಒಂದು ದಾರಿ ಜರ್ಮನಿಯಲ್ಲಿ 1937ರಲ್ಲೇ ಸಿಕ್ಕಿತ್ತು. ಕರಗಿದ ಲೋಹಕ್ಕೆ ಚೂರು ಜಿರ್ಕೋನಿಯಂ ಬೆರೆಸಿದರೆ ಹರಳುಗಳು ಚಿಕ್ಕದಾಗಿ ಕಟ್ಟುತ್ತವೆ. ಆದರೆ ಮೆಗ್ನೀಸಿಯಮ್ಮಿಗೆ ಬಲ ಕೊಡುವ ಹಳೆಯ ಗೆಳೆಯ ಅಲ್ಯುಮಿನಿಯಮ್ಮಿಗೂ ಜಿರ್ಕೋನಿಯಮ್ಮಿಗೂ ಒಂದೇ ಪಾತ್ರೆಯಲ್ಲಿ ಆಗಿಬರುವುದಿಲ್ಲ. ಎರಡೂ ಕೂಡಿ ಗಟ್ಟಿ ಕಣವಾಗಿ ತಳ ಸೇರಿಬಿಡುತ್ತವೆ. ಎರಕದವನು ಒಂದನ್ನು ಬೇಕೆಂದರೆ ಇನ್ನೊಂದನ್ನು ಬಿಡಲೇಬೇಕು.

ಈ ಹಂತದಲ್ಲಿ ಪುಡಿಯ ಯೋಚನೆ ಬಂತು. ಪುಡಿಯಿಂದ ಲೋಹದ ವಸ್ತು ಮಾಡುವುದು ಹೊಸದೇನಲ್ಲ. ಪ್ಲಾಟಿನಂ ಕರಗಿಸುವಷ್ಟು ಶಾಖದ ಕುಲುಮೆ ಇಲ್ಲದ ಕಾಲದಲ್ಲಿ, 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ವಿಲಿಯಂ ವೊಲಾಸ್ಟನ್ ಅದರ ಪುಡಿಯನ್ನೇ ಒತ್ತಿ, ಕಾಯಿಸಿ, ಬಡಿದು ಗಟ್ಟಿ ಮಾಡುತ್ತಿದ್ದ. ವಿದ್ಯುತ್ ಬಲ್ಬಿನ ಟಂಗ್‌ಸ್ಟನ್ ತಂತಿಯೂ ಪುಡಿಯಿಂದ ಹುಟ್ಟಿದ್ದು. ಆದರೆ ಅಲ್ಲಿನ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಜಲಜನಕದ ಕುಲುಮೆಯಲ್ಲಿ ಕಾಯಿಸಿದರೆ ಕಣಗಳ ಮೇಲಿನ ತುಕ್ಕನ್ನು ಜಲಜನಕ ಕಿತ್ತುಕೊಳ್ಳುತ್ತದೆ, ಕಣಗಳು ಬೆಸೆಯುತ್ತವೆ. ಮೆಗ್ನೀಸಿಯಮ್ಮಿನ ಆಕ್ಸೈಡ್ ಜಲಜನಕಕ್ಕೆ ಬಗ್ಗುವ ಕುಳವಲ್ಲ. ಪ್ರತಿ ಕಣದ ಸುತ್ತಲೂ ಅದರ ಬೇಲಿ ಇದ್ದೇ ಇರುತ್ತದೆ.

ಡೌ ಕಂಪನಿಯ ಆರ್.ಎಸ್. ಬಸ್ಕ್ ಮತ್ತು ಟಿ.ಇ. ಲಿಯೊಂಟಿಸ್ ಆ ಬೇಲಿಯನ್ನು ಬಲಪ್ರಯೋಗದಿಂದ ಮುರಿದರು. ಕರಗಿದ ಮಿಶ್ರಲೋಹವನ್ನು ಹನಿಹನಿಯಾಗಿ ಸಿಡಿಸಿದರೆ ಹನಿ ಹಾರುತ್ತಲೇ ತಣಿದು ಪುಡಿಯಾಗುತ್ತದೆ. ಹನಿ ಸಣ್ಣದಾದ್ದರಿಂದ ಬೇಗ ತಣಿಯುತ್ತದೆ, ಒಳಗಿನ ಹರಳೂ ಸಣ್ಣದು. ಆ ಪುಡಿಯನ್ನು ದಪ್ಪ ಉಕ್ಕಿನ ಕೊಳವೆಗೆ ತುಂಬಿ, ಕಾಯಿಸಿ, ಹಿಂದಿನಿಂದ ಅಗಾಧ ಒತ್ತಡ ಹಾಕಿ ಕಿರಿದಾದ ಬಾಯಿಯಿಂದ ಹೊರಕ್ಕೆ ನೂಕಬೇಕು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿರಿದಾದ ಬಾಯಿಯಲ್ಲಿ ನುಸುಳುವಾಗ ಕಣಗಳು ಒಂದಕ್ಕೊಂದು ಉಜ್ಜಿ ಉದ್ದಕ್ಕೆ ಹಿಗ್ಗುತ್ತವೆ. ಆಕ್ಸೈಡ್ ಪದರ ಹರಿದು ಚೂರಾಗುತ್ತದೆ, ಒಳಗಿನ ಹಸಿ ಲೋಹ ಹಸಿ ಲೋಹಕ್ಕೆ ತಾಗಿ ಬೆಸೆಯುತ್ತದೆ. ಒಳಹೋದದ್ದು ಪುಡಿ, ಹೊರಬಂದದ್ದು ಇಡಿಯಾದ ಸರಳು. 1950ರಲ್ಲಿ ಇಬ್ಬರೂ ಇದರ ವಿವರ ಪ್ರಕಟಿಸಿದರು.

ಪರೀಕ್ಷೆಗಳು ಆಸೆ ಹುಟ್ಟಿಸಿದವು. ಸತು ಮತ್ತು ಜಿರ್ಕೋನಿಯಂ ಬೆರೆತ ಝಡ್‌ಕೆ60 ಮಿಶ್ರಲೋಹದಲ್ಲಿ, ಎರಕದ ದಿಮ್ಮಿಯಿಂದ ಒತ್ತಿದ ಸರಳಿಗಿಂತ ಪುಡಿಯಿಂದ ಒತ್ತಿದ ಸರಳು ಅದುಮುವ ಪರೀಕ್ಷೆಯಲ್ಲಿ ಮೇಲಾಗಿ ನಿಂತಿತು. ಎಳೆತಕ್ಕೂ ಒತ್ತಡಕ್ಕೂ ಇದ್ದ ಹಳೆಯ ಅಂತರ ತಗ್ಗಿತು. ಸಣ್ಣ ಹರಳಿನೊಳಗೆ ಮಗ್ಗುಲು ಬದಲಿಸಲು ಜಾಗವೇ ಇಲ್ಲ. ಅಷ್ಟೇ ಅಲ್ಲ, ಒಂದೇ ಪಾತ್ರೆಯಲ್ಲಿ ಕೂಡದ ಅಲ್ಯುಮಿನಿಯಂ ಮತ್ತು ಜಿರ್ಕೋನಿಯಂ ಈಗ ಬೇರೆ ಬೇರೆ ಪುಡಿಗಳಲ್ಲಿ ಬಂದು ಒಂದೇ ಸರಳಿನಲ್ಲಿ ಸೇರಬಹುದಾಗಿತ್ತು. ಗಟ್ಟಿ ಲೋಹದೊಳಗೆ ನಿಧಾನವಾಗಿ ಹರಿದಾಡಿ ಅವು ಸಂಧಿಸಿದ ಕಡೆ ಹುಟ್ಟುವ ಸೂಕ್ಷ್ಮ ಕಣಗಳು ಲೋಹವನ್ನು ಇನ್ನಷ್ಟು ಗಡಸು ಮಾಡುತ್ತವೆ. ಎರಕದಲ್ಲಿ ಕೇಡಾಗಿದ್ದ ಜಗಳ ಪುಡಿಯಲ್ಲಿ ಗುಣವಾಯಿತು.

ಇಷ್ಟಾದರೂ ಮಾರುಕಟ್ಟೆ ಒಲಿಯಲಿಲ್ಲ. ಎರಕಕ್ಕಿಂತ ಪುಡಿಯ ಕೆಲಸಕ್ಕೆ ಹಂತಗಳು ಹೆಚ್ಚು, ಪ್ರತಿ ಹಂತದಲ್ಲೂ ಬೆಂಕಿಯ ಕಾವಲು ಬೇಕು. ಮೆಗ್ನೀಸಿಯಂ ದೂಳು ಗಾಳಿಯಲ್ಲಿ ಎದ್ದರೆ ಒಂದು ಕಿಡಿಗೆ ಸ್ಫೋಟಿಸುತ್ತದೆ. ಹತ್ತಿಕೊಂಡ ಮೇಲೆ ನೀರು ಹಾಕುವಂತಿಲ್ಲ; ನೀರಿನಿಂದ ಜಲಜನಕ ಬಿಡಿಸಿ ಅದನ್ನೂ ಉರಿಸುತ್ತದೆ. ಇಂಗಾಲದ ಡೈಆಕ್ಸೈಡ್ ಸುರಿದರೆ ಅದರಿಂದಲೂ ಆಮ್ಲಜನಕ ಕಿತ್ತುಕೊಂಡು ಉರಿಯುತ್ತದೆ. ಅಲ್ಯುಮಿನಿಯಂ ಅಗ್ಗವಾಗಿ, ಯಾವ ರಗಳೆಯೂ ಇಲ್ಲದೆ ಸಿಗುತ್ತಿರುವಾಗ ಈ ಉಸಾಬರಿ ಬೇಡ ಎಂದು ವಿಮಾನ ತಯಾರಕರು ಕೈಬಿಟ್ಟರೆ ಅವರನ್ನು ದೂರುವಂತಿಲ್ಲ. ಎರಕದ ಮೆಗ್ನೀಸಿಯಂ ಮಾತ್ರ ಎಂಜಿನ್ ಮತ್ತು ಗೇರುಗಳ ಹೊರಕವಚವಾಗಿ ಉಳಿಯಿತು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಎರಕದ ವಿಭಾಗ ವಿಮಾನಗಳಿಗಾಗಿ ಮಾಡುವ ಮೆಗ್ನೀಸಿಯಂ ಕೆಲಸ ಈ ಬಗೆಯದು.

ಜನರ ಮನಸ್ಸಿನಲ್ಲಿ ಉಳಿದಿದ್ದ ಅಳುಕನ್ನು 1955ರ ಜೂನ್ 11 ಭಯವಾಗಿ ಮಾಡಿತು. ಫ್ರಾನ್ಸಿನ ಲೆ ಮಾನ್ ಕಾರು ಓಟದಲ್ಲಿ ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಮುಂದಿನ ಕಾರಿಗೆ ತಾಗಿ ಹಾರಿ, ಸಿಡಿದು, ಅದರ ಭಾಗಗಳು ಪ್ರೇಕ್ಷಕರ ನಡುವೆ ಬಿದ್ದವು. 80ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹಾರಿಬಂದ ಭಾರದ ಭಾಗಗಳೇ ಹೊರತು ಬೆಂಕಿಯಲ್ಲ. ಆದರೆ ಕಾರಿನ ಮೈ ಎಲೆಕ್ಟ್ರಾನ್ ಮಿಶ್ರಲೋಹದ್ದು. ನೀರು ಸುರಿದಷ್ಟೂ ಅದು ಬೆಳ್ಳಗೆ ಉರಿಯಿತು, ಗಂಟೆಗಟ್ಟಲೆ ಉರಿಯಿತು. ನೋಡಿದವರ ನೆನಪಿನಲ್ಲಿ ನಿಂತದ್ದು ಆ ಬೆಳಕು.

ಗಾಳಿಗೆ ತೋರಿಸದೆ

ಪುಡಿಯ ಕಥೆ ಮತ್ತೆ ಚಿಗುರಿದ್ದು ಬೇರೊಂದು ಪ್ರಯೋಗದಿಂದ. 1960ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಪೋಲ್ ಡೂವೆ ಕರಗಿದ ಮಿಶ್ರಲೋಹದ ಹನಿಯನ್ನು ತಣ್ಣನೆಯ ತಾಮ್ರದ ಮೇಲೆ ರಭಸದಿಂದ ಅಪ್ಪಳಿಸಿದರು. ಸೆಕೆಂಡಿಗೆ 10 ಲಕ್ಷ ಡಿಗ್ರಿಯ ಆಸುಪಾಸಿನ ವೇಗದಲ್ಲಿ ತಣಿದರೆ ಲೋಹಗಳು ಅದುವರೆಗೆ ಕಾಣದ ರೂಪ ತಾಳುತ್ತವೆ ಎಂದು ಗೊತ್ತಾಯಿತು. 1980ರ ದಶಕದಲ್ಲಿ ಅಮೆರಿಕದ ಅಲೈಡ್ ಸಿಗ್ನಲ್ ಕಂಪನಿ ಇದನ್ನು ಮೆಗ್ನೀಸಿಯಮ್ಮಿಗೆ ಹೊಂದಿಸಿತು. ಕರಗಿದ ಮಿಶ್ರಲೋಹವನ್ನು ಗಿರಗಿರನೆ ತಿರುಗುವ ಗಾಲಿಯ ಮೇಲೆ ಬಿಟ್ಟು ತೆಳ್ಳನೆಯ ರಿಬ್ಬನ್ ಮಾಡಿ, ರಿಬ್ಬನ್ನನ್ನು ಕುಟ್ಟಿ ಪುಡಿ ಮಾಡಿ, ಪುಡಿಯನ್ನು ಒತ್ತಿ ಸರಳು ತೆಗೆಯುವುದು ಅವರ ಕ್ರಮ. ಅಲ್ಯುಮಿನಿಯಂ, ಸತು, ನಿಯೋಡಿಮಿಯಂ ತಲಾ ಶೇಕಡ 5ರಷ್ಟು ಸೇರಿದ ಅವರ ಮಿಶ್ರಲೋಹ ಉಪ್ಪುನೀರಿನ ಪರೀಕ್ಷೆಯಲ್ಲಿ ಹಿಂದಿನ ಎರಕದ ಮೆಗ್ನೀಸಿಯಮ್ಮಿಗಿಂತ ಬಹಳ ನಿಧಾನವಾಗಿ ಸವೆಯಿತು. ಬಲವೂ ಇತ್ತು. ಬೆಲೆಯೂ ಇತ್ತು, ಅದೇ ತೊಡಕು.

ಇದನ್ನೂ ಮೀರಿಸಿದ ಸುದ್ದಿ 2001ರಲ್ಲಿ ಜಪಾನಿನಿಂದ ಬಂತು. ಕುಮಾಮೊಟೊ ವಿಶ್ವವಿದ್ಯಾಲಯದ ಯೊಶಿಹಿಟೊ ಕವಮುರ ಮತ್ತು ಸಂಗಡಿಗರ ಸೂತ್ರ ಚಿಕ್ಕದು: 100 ಅಣುಗಳಲ್ಲಿ 97 ಮೆಗ್ನೀಸಿಯಂ, 1 ಸತು, 2 ಇಟ್ರಿಯಂ. ಜಾಣತನವಿದ್ದದ್ದು ಪುಡಿಯನ್ನು ನೋಡಿಕೊಂಡ ರೀತಿಯಲ್ಲಿ. ಕರಗಿದ ಲೋಹವನ್ನು ಅನಿಲದಿಂದ ಸಿಡಿಸಿದ್ದರಿಂದ ಹಿಡಿದು ಪುಡಿ ಜರಡಿ ಹಿಡಿದು, ಡಬ್ಬಿಗೆ ತುಂಬಿ, ಮುಚ್ಚಿ ಒತ್ತುವವರೆಗೆ ಎಲ್ಲಿಯೂ ಅದಕ್ಕೆ ಹೊರಗಿನ ಗಾಳಿ ಸೋಕಲಿಲ್ಲ. ಮುಚ್ಚಿದ ಪೆಟ್ಟಿಗೆಯ ಗೋಡೆಗೆ ಜೋಡಿಸಿದ ಕೈಗವಸಿನೊಳಗೆ ಕೈತೂರಿಸಿ ಕೆಲಸ ಮಾಡುವ ಏರ್ಪಾಡು ಅದು. ಮಡಿ ಎಂದರೆ ಮಡಿ.

ಬಂದ ಸರಳಿನೊಳಗಿನ ಹರಳುಗಳ ಅಳತೆ ಮಿಲಿಮೀಟರಿನ ಹತ್ತು ಸಾವಿರದ ಒಂದೆರಡು ಭಾಗ. ಎಳೆಯುವ ಪರೀಕ್ಷೆಯಲ್ಲಿ ಅದು 610 ಮೆಗಾಪಾಸ್ಕಲ್ ಮುಟ್ಟುವವರೆಗೆ ಶಾಶ್ವತವಾಗಿ ಹಿಗ್ಗಲಿಲ್ಲ. ಬಿಡಿಸಿ ಹೇಳುವುದಾದರೆ ಒಂದು ಚದರ ಮಿಲಿಮೀಟರ್ ದಪ್ಪದ, ಅಂದರೆ ಬೆಂಕಿಕಡ್ಡಿಗಿಂತಲೂ ತೆಳುವಾದ ಎಳೆಗೆ 62 ಕಿಲೋ ತೂಕದ ಮನುಷ್ಯ ಜೋತುಬಿದ್ದರೂ ಅದು ತನ್ನ ಉದ್ದಕ್ಕೇ ಮರಳುತ್ತದೆ. ಮನೆ ಕಟ್ಟುವ ಸಾಧಾರಣ ಉಕ್ಕಿಗೆ ಈ ಅಂಕಿ 250ರ ಸುಮಾರು; ವಿಮಾನಕ್ಕೆ ಬಳಸುವ ಬಲಿಷ್ಠ ಅಲ್ಯುಮಿನಿಯಮ್ಮಿಗೆ 500ರ ಸುಮಾರು. ಮುರಿಯುವ ಮೊದಲು ಶೇಕಡ 5ರಷ್ಟು ಹಿಗ್ಗುವ ತಾಳ್ಮೆಯನ್ನೂ ಆ ಸರಳು ತೋರಿಸಿತು. ಮೆಗ್ನೀಸಿಯಂ ಬಲಹೀನ ಎಂಬ ಮಾತು ಅಲ್ಲಿಗೆ ಮುಗಿಯಿತು.

ಇತ್ತ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಮನೋಜ್ ಗುಪ್ತ ಮತ್ತು ಅವರ ಸಹೋದ್ಯೋಗಿ ಪುಡಿಯನ್ನು ಕಾಯಿಸಲು ಅಡುಗೆಮನೆಯ ದಾರಿ ಹಿಡಿದರು. ಒತ್ತಿದ ಪುಡಿಯ ಬಿಲ್ಲೆಯನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು, ಸುತ್ತ ಸಿಲಿಕಾನ್ ಕಾರ್ಬೈಡ್ ಪುಡಿ ತುಂಬಿದರು. ಕಿರಣ ಬಿಲ್ಲೆಯನ್ನು ಒಳಗಿನಿಂದ ಕಾಯಿಸಿದರೆ ಕಾರ್ಬೈಡ್ ಹೊರಗಿನಿಂದ ಕಾಯಿಸುತ್ತದೆ. ಕುಲುಮೆಯಲ್ಲಿ ಗಂಟೆಗಳು ಹಿಡಿಯುವ ಕೆಲಸ ನಿಮಿಷಗಳಲ್ಲಿ ಆಯಿತು. 2005ರ ಪ್ರಯೋಗ ಇದು.

ಉಳಿದದ್ದು ಬೆಂಕಿ. ಮೆಗ್ನೀಸಿಯಂ ಹೊತ್ತಿಕೊಳ್ಳುತ್ತದೆಯೇ ಎಂದು ಕೇಳುವ ಬದಲು ಎಷ್ಟು ಹೊತ್ತಿಗೆ ಹೊತ್ತಿಕೊಳ್ಳುತ್ತದೆ, ತಾನಾಗಿ ಆರುತ್ತದೆಯೇ ಎಂದು ಕೇಳಿದ್ದು ಅಮೆರಿಕದ ನಾಗರಿಕ ವಿಮಾನಯಾನ ಆಡಳಿತ, ಎಫ್‌ಎಎ. ವಿಮಾನದ ಆಸನಗಳಲ್ಲಿ ಮೆಗ್ನೀಸಿಯಂ ಬಳಸಕೂಡದು ಎಂದು ಆಸನದ ಮಾನದಂಡದಲ್ಲಿ ಒಂದು ಸಾಲಿತ್ತು. ನೂರಾರು ಆಸನಗಳಿಂದ ಒಂದೊಂದು ಕಿಲೋ ಇಳಿದರೂ ಇಂಧನದ ಉಳಿತಾಯ ದೊಡ್ಡದಾದ್ದರಿಂದ ಆ ಸಾಲನ್ನು ಪರೀಕ್ಷಿಸುವ ಒತ್ತಡ ಬಂತು. ಅಟ್ಲಾಂಟಿಕ್ ಸಿಟಿ ಬಳಿಯ ಕೇಂದ್ರದಲ್ಲಿ ವಿಮಾನದ ಒಡಲೊಳಗೆ ಸಾಲಾಗಿ ಆಸನಗಳನ್ನು ಜೋಡಿಸಿ, ಹೊರಗೆ ವಿಮಾನದ ಇಂಧನಕ್ಕೆ ಬೆಂಕಿ ಹಚ್ಚಿ, ನೆಲಕ್ಕಪ್ಪಳಿಸಿದ ವಿಮಾನದ ಸ್ಥಿತಿಯನ್ನೇ ಸೃಷ್ಟಿಸಿದರು. ಇಟ್ರಿಯಂ ಮತ್ತು ನಿಯೋಡಿಮಿಯಂ ಸೇರಿದ ಡಬ್ಲ್ಯುಇ43 ಮಿಶ್ರಲೋಹದ ಆಸನಗಳಿದ್ದಾಗಲೂ, ಅಲ್ಯುಮಿನಿಯಂ ಆಸನಗಳಿದ್ದಾಗಲೂ ಪ್ರಯಾಣಿಕರಿಗೆ ಪಾರಾಗಲು ಸಿಗುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಟ್ರಿಯಮ್ಮಿನ ಆಕ್ಸೈಡ್ ಆ ಗಿಡ್ಡ ಕಂಬಳಿಗೆ ಹಾಕಿದ ತೇಪೆಯಂತೆ ಲೋಹವನ್ನು ಮುಚ್ಚುತ್ತದೆ. ಪ್ರಯೋಗಶಾಲೆಗೆ ಬೇರೆ ಪರೀಕ್ಷೆಯೂ ಗೊತ್ತಾಯಿತು: ಲೋಹದ ಪಟ್ಟಿಯನ್ನು 4 ನಿಮಿಷ ಎಣ್ಣೆ ಬರ್ನರಿನ ಜ್ವಾಲೆಗೆ ಒಡ್ಡಬೇಕು, ಜ್ವಾಲೆ ತೆಗೆದ ಮೇಲೆ ಅದು ನಿಗದಿಯಾದ ಹೊತ್ತಿನೊಳಗೆ ತಾನಾಗಿ ಆರಬೇಕು. 2015ರಲ್ಲಿ ಮಾನದಂಡ ತಿದ್ದುಪಡಿಯಾಗಿ, ಈ ಪರೀಕ್ಷೆ ಗೆದ್ದ ಮಿಶ್ರಲೋಹಕ್ಕೆ ಆಸನದಲ್ಲಿ ಜಾಗ ಸಿಕ್ಕಿತು. ಪರೀಕ್ಷೆಗೆ ಒಳಗಾದದ್ದು ಪುಡಿಯಿಂದ ಮಾಡಿದ ಲೋಹವಲ್ಲ, ಎರಕದ ಕುಲದ್ದು. ಹಾಗಿದ್ದೂ ದಾರಿ ತೆರೆದದ್ದು ಇಡೀ ಬಳಗಕ್ಕೆ. ಅಂದಹಾಗೆ ಡಬ್ಲ್ಯುಇ43ನ್ನು ಮಾಡುವ ಇಂಗ್ಲಿಷ್ ಕಾರ್ಖಾನೆ ಅದಕ್ಕಿಟ್ಟ ಹೆಸರು ಎಲೆಕ್ಟ್ರಾನ್. ಲಂಡನ್ನಿನ ಮಾಳಿಗೆಗಳ ಮೇಲೆ ಬಿದ್ದ ಅದೇ ಹೆಸರು.

ಪುಡಿಯ ಮೆಗ್ನೀಸಿಯಂ ನಿಜವಾಗಿ ಜನರ ಬಳಿಗೆ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಆಸ್ಪತ್ರೆಯಿಂದ. ಇದಕ್ಕೂ ಹಳೆಯದೊಂದು ಕಥೆಯಿದೆ. ಅಮೆರಿಕದ ವೈದ್ಯ ಎಡ್ವರ್ಡ್ ಹ್ಯೂಸ್ 1878ರಲ್ಲೇ ರಕ್ತನಾಳ ಕಟ್ಟಲು ಮೆಗ್ನೀಸಿಯಂ ತಂತಿ ಬಳಸಿದ್ದ. ದೇಹದೊಳಗೆ ಅದು ಕರಗಿಹೋಗುತ್ತದೆ ಎಂಬುದೇ ಅದರ ಗುಣ. 20ನೇ ಶತಮಾನದ ಮೊದಲ ದಶಕದಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲ್ಯಾಂಬಾಟ್ ಮುರಿದ ಕಾಲಿನ ಮೂಳೆಗೆ ಮೆಗ್ನೀಸಿಯಂ ತಗಡು ಇಟ್ಟು, ಚಿನ್ನದ ಲೇಪದ ಉಕ್ಕಿನ ಮೊಳೆಗಳಿಂದ ಬಿಗಿದ. ಎರಡು ಲೋಹ, ನಡುವೆ ಉಪ್ಪಿನಂಶದ ದ್ರವ. ಗೊತ್ತಿಲ್ಲದೆಯೇ ರೋಗಿಯ ಕಾಲಿನೊಳಗೆ ಆತ ಬ್ಯಾಟರಿ ಕಟ್ಟಿದ್ದ. ಎಂಟೇ ದಿನಗಳಲ್ಲಿ ತಗಡು ಚೂರಾಯಿತು, ಚರ್ಮದ ಕೆಳಗೆ ಜಲಜನಕ ತುಂಬಿ ಊದಿಕೊಂಡಿತು. ತುಕ್ಕು ಹಿಡಿಯದ ಉಕ್ಕು, ಮುಂದೆ ಟೈಟಾನಿಯಂ ಬಂದ ಮೇಲೆ ವೈದ್ಯರು ಮೆಗ್ನೀಸಿಯಮ್ಮನ್ನು ಮರೆತರು.

ಕರಗುವುದು ತಪ್ಪಲ್ಲ, ಬೇಗ ಕರಗುವುದು ತಪ್ಪು. ಕಲ್ಮಷ ಕಡಿಮೆ ಮಾಡಿ, ಹರಳು ಸಣ್ಣದು ಮಾಡಿ ಕರಗುವ ವೇಗಕ್ಕೆ ಕಡಿವಾಣ ಹಾಕುವುದು ಅಷ್ಟರಲ್ಲಿ ಗೊತ್ತಾಗಿತ್ತು. ಜರ್ಮನಿಯ ಹ್ಯಾನೋವರಿನಲ್ಲಿ ವಿಮಾನದ ಡಬ್ಲ್ಯುಇ43ಕ್ಕೆ ಹತ್ತಿರದ ಸಂಬಂಧಿಯಾದ ಮಿಶ್ರಲೋಹವನ್ನು ಪುಡಿಯ ದಾರಿಯಲ್ಲೇ ತಯಾರಿಸಿ, ಅದರಿಂದ ಮೂಳೆಗೆ ಹಾಕುವ ಸ್ಕ್ರೂಗಳನ್ನು ಮಾಡಿದರು. ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿಕೊಂಡು ನೋವು ಕೊಡುವ ತೊಂದರೆಗೆ ವೈದ್ಯರು ಮೂಳೆ ಕತ್ತರಿಸಿ, ನೇರ ಮಾಡಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಹ್ಯಾನೋವರ್ ವೈದ್ಯಕೀಯ ಕಾಲೇಜಿನಲ್ಲಿ ಇಂಥ 26 ರೋಗಿಗಳನ್ನು ಆರಿಸಿ, ಕೆಲವರಿಗೆ ಟೈಟಾನಿಯಂ ಸ್ಕ್ರೂ, ಉಳಿದವರಿಗೆ ಮೆಗ್ನೀಸಿಯಂ ಸ್ಕ್ರೂ ಹಾಕಿದರು. ಯಾರಿಗೆ ಯಾವುದು ಎಂಬುದು ವೈದ್ಯರ ಇಷ್ಟಕ್ಕೆ ಬಿಟ್ಟದ್ದಲ್ಲ, ಚೀಟಿ ಎತ್ತಿದಂತೆ ಗೊತ್ತಾದದ್ದು.

ಆರು ತಿಂಗಳ ನಂತರದ ತಪಾಸಣೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನೋವು, ನಡಿಗೆ, ಬೆರಳಿನ ಚಲನೆ ಯಾವುದರಲ್ಲೂ ಮೆಗ್ನೀಸಿಯಂ ಸ್ಕ್ರೂ ಟೈಟಾನಿಯಮ್ಮಿಗಿಂತ ಹಿಂದೆ ಬಿದ್ದಿರಲಿಲ್ಲ. ಅದೇ ವರ್ಷ ಆ ಸ್ಕ್ರೂಗೆ ಯುರೋಪಿನಲ್ಲಿ ಮಾರಾಟದ ಪರವಾನಗಿಯೂ ದೊರೆಯಿತು. ಟೈಟಾನಿಯಂ ಸ್ಕ್ರೂ ತೊಂದರೆ ಕೊಟ್ಟರೆ ಮತ್ತೊಮ್ಮೆ ಕಾಲು ಕೊಯ್ದು ತೆಗೆಯಬೇಕು. ಇದನ್ನು ತೆಗೆಯಬೇಕಾಗಿಲ್ಲ. ಮೂಳೆ ಕೂಡುತ್ತಿದ್ದಂತೆ ಅದು ದಿನದಿನಕ್ಕೆ ಸವೆದು, ಅದರ ಜಾಗಕ್ಕೆ ಮೂಳೆ ಬೆಳೆಯುತ್ತದೆ.